ಎಳೆಯರ ತರಗತಿಯಲ್ಲಿ ಅಂತರಜಾಲ ಸಾಧನಗಳು: ಅರಕೆರೆ ಸೀಮೆಯ ನುಡಿಯ ಹಿನ್ನೆಲೆಯಲ್ಲಿ ಒಂದು ವಿವೇಚನೆ

ಮಗು ಪರದೆಯನ್ನು ಮುಟ್ಟಿದಾಗ, ಚಿತ್ರವನ್ನು ಎಳೆದು ಇರಿಸಿದಾಗ, ಪದವೊಂದನ್ನು ಉಚ್ಚರಿಸಿದಾಗ ಕೂಡಲೇ ಪ್ರತ್ಯುತ್ತರ ನೀಡುವ ಅಂತರಜಾಲ ಸಾಧನಗಳು ಪ್ರಾಥಮಿಕ ಶಾಲೆಯ ಮೊದಲ ತರಗತಿಗಳನ್ನೂ ಪ್ರವೇಶಿಸಿವೆ. ಇವುಗಳ ಉಪಯುಕ್ತತೆಯನ್ನು ಬಣ್ಣ, ಧ್ವನಿ, ಚಲನೆಗಳ ಆಕರ್ಷಣೆಯಿಂದ ಅಳೆಯುವುದು ವಾಡಿಕೆ. ಆದರೆ ಮಗು ತಪ್ಪಿದಾಗ ಸಾಧನವು ಏನು ಮಾಡುತ್ತದೆ ಎಂಬುದೇ ಅದರ ನಿಜವಾದ ಒರೆಗಲ್ಲು. ಈ ಸಂಗತಿಯನ್ನು ಶ್ರೀರಂಗಪಟ್ಟಣ ತಾಲ್ಲೂಕಿನ ಅರಕೆರೆ ಸೀಮೆಯ ಆಡುನುಡಿಯನ್ನು ನಿದರ್ಶನವಾಗಿ ಇಟ್ಟುಕೊಂಡು ಇಲ್ಲಿ ವಿವೇಚಿಸಲಾಗಿದೆ.

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಇಂತಹ ಸಾಧನಕ್ಕೆ ಒದಗುವ ನೆಲೆಯೆಂದರೆ ‘ನಲಿ-ಕಲಿ’. ಋಷಿವ್ಯಾಲಿಯ ಪ್ರಯೋಗವನ್ನು ಕಂಡುಬಂದ ಶಿಕ್ಷಕರು ಯುನಿಸೆಫ್ ನೆರವಿನಿಂದ 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭಿಸಿದ ಈ ಪದ್ಧತಿಯು 2009-10ರಲ್ಲಿ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳ 1 ಮತ್ತು 2ನೆಯ ತರಗತಿಗಳಿಗೆ ವಿಸ್ತರಿಸಿತು. ವರ್ಣಮಾಲೆಯ ಕ್ರಮವನ್ನು ಬಿಟ್ಟು ‘ರ, ಗ, ಸ, ದ, ಅ’ ಅಕ್ಷರಗಳಿಂದ ತೊಡಗಿ, ಕಲಿತ ಅಕ್ಷರಗಳಿಂದಲೇ ‘ಸರ’, ‘ಅರಸ’, ‘ಗರಗಸ’ ಮೊದಲಾದ ಪದಗಳನ್ನು ಕಟ್ಟಿಸುವುದು ಅದರ ವೈಶಿಷ್ಟ್ಯ. ‘ಅ, ಆ, ಇ, ಈ’ ಎಂದೇ ಸಾಗುವ ಆಟವು ಎಷ್ಟೇ ಸೊಗಸಾಗಿದ್ದರೂ ಈ ಕಲಿಕಾ ಏಣಿಗೆ ಹೊಂದದು. ಮಕ್ಕಳು ಶಿಕ್ಷಕರ ಪೂರ್ಣ ನೆರವಿನ ಗುಂಪಿನಿಂದ ಸ್ವಕಲಿಕೆಯ ಗುಂಪಿನವರೆಗೆ ಐದು ತಟ್ಟೆಗಳಲ್ಲಿ ಕೂರುತ್ತಾರೆ. ಸಹಪಾಠಿಗಳ ನೆರವಿನ ಹಾಗೂ ಸ್ವಕಲಿಕೆಯ ತಟ್ಟೆಗಳಲ್ಲಿ ಸಾಧನಕ್ಕೆ ಸ್ಥಾನವಿದೆ. ಹೊಸತನ್ನು ಮೊದಲು ಕಲಿಸುವ ತಟ್ಟೆಯಲ್ಲಿ ಶಿಕ್ಷಕರೇ ಇರಬೇಕು.

ಕನ್ನಡದ 34 ವರ್ಗೀಯ, ಅವರ್ಗೀಯ ವ್ಯಂಜನಗಳು ಗುಣಿತ ಮತ್ತು ಒತ್ತಕ್ಷರಗಳಿಂದ ನೂರಾರು ರೂಪಗಳನ್ನು ತಾಳುತ್ತವೆ. ಈ ಕಲಿಕೆ ಮೊದಲ ತರಗತಿಗಳಲ್ಲೇ ಮುಗಿಯದೆ ಮುಂದಿನ ವರ್ಷಗಳಿಗೂ ಸಾಗುತ್ತದೆಂಬುದನ್ನು ಸೊನಾಲಿ ನಾಗ್ ಅವರ 2007ರ ಅಧ್ಯಯನ ತೋರಿಸಿಕೊಟ್ಟಿತು. ‘ಕಿ’ ಬದಲಿಗೆ ‘ಕೀ’ ಆರಿಸಿದ ಮಗುವಿಗೆ ಕೆಂಪು ಗುರುತನ್ನಷ್ಟೇ ತೋರಿಸಿದರೆ, ವ್ಯಂಜನ ಸರಿಯಾಗಿದ್ದು ಸ್ವರ ಮಾತ್ರ ದೀರ್ಘವಾಯಿತೆಂಬುದು ತಿಳಿಯುವುದಿಲ್ಲ. ಯುನಿಕೋಡ್ ವ್ಯವಸ್ಥೆಯಲ್ಲಿ ‘ಕಿ’ ಎಂಬುದು ‘ಕ’ಕಾರ ಮತ್ತು ಸ್ವರಚಿಹ್ನೆ ಎಂಬ ಎರಡು ಸಂಕೇತಗಳಾಗಿಯೇ ಉಳಿಯುವುದರಿಂದ, ತಪ್ಪಿದ ಭಾಗವನ್ನಷ್ಟೇ ಬೇರ್ಪಡಿಸಿ ತೋರಿಸುವುದು ಸಾಧ್ಯ.

ಉಚ್ಚಾರಣೆಯ ವಿಷಯ ಇದಕ್ಕಿಂತ ಸೂಕ್ಷ್ಮವಾದುದು. ಮಂಡ್ಯ ಜಿಲ್ಲೆಯ ಆಡುನುಡಿಯಲ್ಲಿ ಪದಾದಿಯ ಹಕಾರ ಲೋಪವಾಗುವುದು ಸಾಮಾನ್ಯ: ‘ಹಾಲು’ ‘ಆಲು’ ಆಗುತ್ತದೆ, ‘ಹಾಡು’ ‘ಆಡು’ ಆಗುತ್ತದೆ. ಆಡಿನ ಚಿತ್ರವನ್ನೂ ಹಾಡುವವರ ಚಿತ್ರವನ್ನೂ ಮುಂದಿಟ್ಟು ಹೆಸರು ಹೇಳಿಸುವ ಆಟದಲ್ಲಿ ಅರಕೆರೆಯ ಮಗು ಎರಡಕ್ಕೂ ‘ಆಡು’ ಎಂದೀತು. ಶಿಷ್ಟ ಉಚ್ಚಾರಣೆಯನ್ನೇ ಅಳತೆಗೋಲಾಗಿ ಉಳ್ಳ ಸಾಧನವು ಇದನ್ನು ‘ತಪ್ಪು’ ಎನ್ನುತ್ತದೆ. ವಾಸ್ತವವಾಗಿ ಹಳಗನ್ನಡದ ‘ಪಾಲ್’ ‘ಹಾಲು’ ಆದ ಹಾದಿಯಲ್ಲಿ ‘ಆಲು’ ಇನ್ನೊಂದು ಹೆಜ್ಜೆ. ಮಗುವಿನ ಮನೆಮಾತನ್ನು ಯಂತ್ರವೊಂದು ದಿನವೂ ತಪ್ಪೆಂದು ಸಾರಿದರೆ ಮಗು ಬಾಯಿ ತೆರೆಯಲು ಹಿಂಜರಿಯುತ್ತದೆ. ಅಥವಾ ತಿದ್ದುವ ಆತುರದಲ್ಲಿ ‘ಆಲೆಮನೆ’ಯನ್ನೂ ‘ಹಾಲೆಮನೆ’ ಎಂದು ಬರೆಯುತ್ತದೆ. ಆದುದರಿಂದ ಸಾಧನವು ಮಾತಿನ ರೂಪವನ್ನು ಒಪ್ಪಿಕೊಂಡು, ಬರಹದ ರೂಪವನ್ನು ಅದರ ಪಕ್ಕದಲ್ಲಿಟ್ಟು ತೋರಿಸಬೇಕು.

ಇದಕ್ಕೆ ಬೇಕಾದ ಸಲಕರಣೆಗಳು ಇಂದು ಲಭ್ಯವಿವೆ. 2015ರಲ್ಲಿ ಪ್ರಥಮ್ ಬುಕ್ಸ್ ಸಂಸ್ಥೆ ಆರಂಭಿಸಿದ ‘ಸ್ಟೋರಿವೀವರ್’ನ ಕತೆಗಳನ್ನು ಮುಕ್ತ ಪರವಾನಗಿಯ ಅಡಿಯಲ್ಲಿ ಯಾರು ಬೇಕಾದರೂ ಮರುರೂಪಿಸಬಹುದು. ‘ಎಚ್‌5ಪಿ’ಯಂತಹ ಮುಕ್ತ ತಂತ್ರಾಂಶದಲ್ಲಿ ಶಿಕ್ಷಕರು ಊರಿನ ಗದ್ದೆ, ನಾಲೆ, ಆಲೆಮನೆಗಳ ಚಿತ್ರ ಹಾಗೂ ಊರವರ ಧ್ವನಿಯನ್ನು ಸೇರಿಸಿ ಚಟುವಟಿಕೆ ರಚಿಸಬಹುದು, ತಪ್ಪು ಉತ್ತರಕ್ಕೆ ಏನು ಹೇಳಬೇಕೆಂಬುದನ್ನೂ ತಾವೇ ಬರೆಯಬಹುದು. ವಿದ್ಯುತ್ತು, ಸಂಪರ್ಕಗಳು ಕೈಕೊಟ್ಟ ದಿನ ಕಲಿಕೆ ನಿಲ್ಲದಂತೆ ಅದೇ ಪಾಠದ ಮಿಂಚುಪಟ್ಟಿ ತಟ್ಟೆಯಲ್ಲಿರುವುದು ಅಗತ್ಯ.

ಒಟ್ಟಿನಲ್ಲಿ, ಎಳೆಯರ ತರಗತಿಯ ಸಾಧನವು ಏಣಿಯ ಮೆಟ್ಟಿಲಿಗೆ, ಅಕ್ಷರದ ಸ್ವರೂಪಕ್ಕೆ, ಮಗುವಿನ ಮಾತಿಗೆ ಹೊಂದಿಕೊಳ್ಳಬೇಕು. ಈ ಹೊಂದಾಣಿಕೆಯನ್ನು ತಂತ್ರಜ್ಞರು ಮಾತ್ರವೇ ಸಾಧಿಸಲಾರರು; ಉಪಭಾಷೆಗಳನ್ನು ಅಭ್ಯಸಿಸುವ ಕನ್ನಡ ವಿದ್ವಾಂಸರೂ ಸ್ಥಳೀಯ ಶಿಕ್ಷಕರೂ ಅದರಲ್ಲಿ ಭಾಗಿಗಳಾಗಬೇಕಾಗಿದೆ.