ಡೋಲು ಯಾರ ಅಪ್ಪಣೆಗೆ? ಓಥಾ ಟರ್ನರ್ ಸ್ಮರಣೆ ಮತ್ತು ನಮ್ಮ ತಮಟೆ

ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಉತ್ತರ ಭಾಗದಲ್ಲಿ ಕೋಮೋ ಎಂಬ ಒಂದು ಚಿಕ್ಕ ಊರಿದೆ. 2003ರ ಮಾರ್ಚ್ 4ರಂದು ಅಲ್ಲಿ ಇಬ್ಬರಿಗೆ ಒಟ್ಟಿಗೆ ಅಂತ್ಯಕ್ರಿಯೆ ನಡೆಯಿತು. ಒಬ್ಬರು ಓಥಾ ಟರ್ನರ್, ತೊಂಬತ್ತು ದಾಟಿದ್ದ ಕಪ್ಪು ರೈತ, ಕೊಳಲುಗಾರ. ಇನ್ನೊಬ್ಬರು ಅವರ ಮಗಳು ಬರ್ನಿಸ್, 48 ವರ್ಷದ ಹೆಂಗಸು, ಅಪ್ಪನ ತಂಡದಲ್ಲಿ ಡ್ರಮ್ ಬಾರಿಸುತ್ತಿದ್ದವಳು. ಫೆಬ್ರವರಿ ಕೊನೆಯಲ್ಲಿ, ಒಂದೇ ದಿನ, ಅಪ್ಪ ಮಗಳು ಇಬ್ಬರೂ ತೀರಿಕೊಂಡಿದ್ದರು. ಸ್ಮಶಾನದ ಕಡೆಗೆ ಮೆರವಣಿಗೆ ಹೊರಟಾಗ ಎಲ್ಲರಿಗಿಂತ ಮುಂದೆ ನಡೆದದ್ದು ಅವರ ತಂಡದ ಡ್ರಮ್ಮುಗಳು. ಆ ಡ್ರಮ್ಮುಗಳಿಗೂ ಮುಂದೆ ಕೊಳಲು ಊದುತ್ತ ನಡೆದವಳು ಹದಿಮೂರರ ಆಸುಪಾಸಿನ ಮೊಮ್ಮಗಳು ಶಾರ್ಡೇ ಥಾಮಸ್.

ಹೆಣದ ಮುಂದೆ ವಾದ್ಯ ಅಂದರೆ ನಮ್ಮ ಕೇರಿಗಳಲ್ಲಿ ಹುಟ್ಟಿದವರಿಗೆ ಬೇರೆಯೇ ನೆನಪುಗಳು ಬರುತ್ತವೆ. ಅದಕ್ಕೇ ಈ ದೂರದ ಮೆರವಣಿಗೆಯನ್ನು ಕೊಂಚ ವಿವರವಾಗಿ ನೋಡಬೇಕು ಅನ್ನಿಸುತ್ತದೆ. ದಲಿತ ವಿಮರ್ಶೆ ಕಾವ್ಯ, ಕಥೆ, ಆತ್ಮಕಥೆಗಳ ಬಗ್ಗೆ ಸಾಕಷ್ಟು ಮಾತಾಡಿದೆ. ವಾದ್ಯದ ಬಗ್ಗೆ ಮಾತಾಡಿದ್ದು ಕಡಿಮೆ.

ಮೊದಲು ಬ್ಲೂಸ್ ಅಂದರೆ ಏನು ಅನ್ನುವುದನ್ನು ಸ್ಪಷ್ಟ ಮಾಡಿಕೊಳ್ಳೋಣ. ಗುಲಾಮಗಿರಿ ಕಾನೂನಿನ ಪ್ರಕಾರ ಮುಗಿದ ಮೇಲೆ ದಕ್ಷಿಣ ಅಮೆರಿಕನ್ ರಾಜ್ಯಗಳ ಹತ್ತಿ ಹೊಲಗಳಲ್ಲಿ ಗೇಣಿಗೂ ಸಾಲಕ್ಕೂ ಸಿಕ್ಕಿಬಿದ್ದ ಕಪ್ಪು ಜನರ ನಡುವೆ ರೂಪುಗೊಂಡ ಹಾಡಿಕೆ ಅದು. ಕೆಲಸದ ಕೂಗು, ಚರ್ಚಿನ ಹಾಡು, ಕುಣಿತದ ಲಯ ಎಲ್ಲವೂ ಅದರಲ್ಲಿ ಸೇರಿವೆ. ಬರೀ ಗೋಳಾಟ ಅಂತ ತಿಳಿಯಬಾರದು. ಗೋಳನ್ನು ಕುಣಿತವಾಗಿ ಮಾಡಿಕೊಳ್ಳುವ ಗಟ್ಟಿತನ ಅದಕ್ಕಿದೆ. ಉತ್ತರ ಮಿಸಿಸಿಪ್ಪಿಯ ಗುಡ್ಡಗಾಡಿನ ಬ್ಲೂಸಿಗೆ ಅದರದೇ ಒಂದು ಚಹರೆ. ರಾಗದ ಏರಿಳಿತ ಕಡಿಮೆ, ಲಯದ ಹಿಡಿತ ಜಾಸ್ತಿ. ಇದರ ಬೆನ್ನಿಗೇ ಇರುವುದು ಟರ್ನರ್ ಅವರ ಸಂಗೀತ: ಒಂದು ಕೊಳಲು, ಒಂದು ದೊಡ್ಡ ಡ್ರಮ್, ಒಂದೆರಡು ಸಣ್ಣ ಡ್ರಮ್ಮುಗಳು. ಕೊಳಲನ್ನು ಅಂಗಡಿಯಿಂದ ತಂದದ್ದಲ್ಲ. ಹೊಳೆದಂಡೆಯ ಬಿದಿರಿನ ಜಾತಿಯ ಗಳುವನ್ನು ಕಡಿದು ತಂದು, ಕೆಂಪಗೆ ಕಾಯಿಸಿದ ಕಬ್ಬಿಣದ ಸಲಾಕೆಯಿಂದ ತೂತು ಕೊರೆದು ಸ್ವತಃ ಅವರೇ ಮಾಡಿಕೊಳ್ಳುತ್ತಿದ್ದರು.

ಈ ಡ್ರಮ್ಮಿನ ಹಿಂದೆ ಒಂದು ಚರಿತ್ರೆಯಿದೆ. 1739ರಲ್ಲಿ ದಕ್ಷಿಣ ಕೆರೊಲಿನಾದ ಸ್ಟೋನೊ ನದಿಯ ಬಳಿ ಗುಲಾಮರು ದಂಗೆಯೆದ್ದು ಡೋಲು ಬಾರಿಸಿಕೊಂಡು ಹೊರಟರು. ದಂಗೆಯನ್ನು ರಕ್ತದಲ್ಲಿ ಅಡಗಿಸಿದ ಒಡೆಯರು 1740ರ ಕಾನೂನಿನಲ್ಲಿ ಗುಲಾಮರ ಕೈಯಲ್ಲಿ ಡೋಲು, ಕಹಳೆ ಇರಕೂಡದು ಅಂತ ಬರೆದರು. ಡೋಲಿನ ಸದ್ದು ಒಂದು ಹೊಲದಿಂದ ಇನ್ನೊಂದು ಹೊಲಕ್ಕೆ ಸುದ್ದಿ ಮುಟ್ಟಿಸುತ್ತದೆ, ಜನರನ್ನು ಒಟ್ಟು ಮಾಡುತ್ತದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಅದೇ ಒಡೆಯರ ಸೈನ್ಯಕ್ಕೆ ಹೆಜ್ಜೆ ಹಾಕಲು ಡ್ರಮ್ಮೂ ಕೊಳಲೂ ಬೇಕಿತ್ತು. ಬಂದೂಕು ಕೊಡಲು ಹೆದರಿದ ಕಪ್ಪು ಜನರ ಕೈಗೆ ಅಲ್ಲಿ ಡ್ರಮ್ ಕೊಟ್ಟರು. ಹೀಗೆ ಹಿಂಬಾಗಿಲಿನಿಂದ ಮರಳಿ ಬಂದ ವಾದ್ಯವನ್ನು ಅವರು ತಮ್ಮ ಊರಿಗೆ ಒಯ್ದು, ಸೈನಿಕರ ಸೆಟೆದ ಹೆಜ್ಜೆಯನ್ನು ಮುರಿದು, ಕುಣಿಯುವ ಹೆಜ್ಜೆ ಮಾಡಿಕೊಂಡರು. ಒಡೆಯನ ವಾದ್ಯದಲ್ಲಿ ಒಡೆಯನಿಗೆ ಅರ್ಥವಾಗದ ಲಯ!

ಟರ್ನರ್ ಗ್ರಾವೆಲ್ ಸ್ಪ್ರಿಂಗ್ಸ್ ಎಂಬಲ್ಲಿ ಹೊಲ ಮಾಡಿಕೊಂಡಿದ್ದವರು. ಹರೆಯದಲ್ಲಿ ನೆರೆಯವರೊಬ್ಬರಿಂದ ಕೊಳಲು ಕಲಿತರು. ಪ್ರತಿ ಸೆಪ್ಟೆಂಬರಿನ ಕಾರ್ಮಿಕ ದಿನದ ರಜೆಯಲ್ಲಿ ತಮ್ಮ ಹೊಲದಲ್ಲೇ ಊಟದ ಕೂಟ ಇಡುತ್ತಿದ್ದರು. ಮೇಕೆ ಕಡಿದು, ಸುಟ್ಟು, ಬಂದವರಿಗೆ ಬಡಿಸುವುದು; ಕತ್ತಲಾದಂತೆ ಡ್ರಮ್ಮುಗಳು ಅಂಗಳದ ಸುತ್ತ ನಡೆಯುವುದು; ಡ್ರಮ್ಮಿನ ಬೆನ್ನ ಹಿಂದೆ ಜನ ಧೂಳೆಬ್ಬಿಸಿ ಕುಣಿಯುವುದು. ಅಲ್ಲಿ ವೇದಿಕೆ ಇಲ್ಲ, ಅಧ್ಯಕ್ಷತೆ ಇಲ್ಲ, ಮುಂದಿನ ಸಾಲಿನ ಕುರ್ಚಿ ಇಲ್ಲ. ಬಾರಿಸುವವನೂ ಕುಣಿಯುವವನೂ ಒಂದೇ ಮಣ್ಣಿನ ಮೇಲೆ. ಟರ್ನರ್ ಹೋದ ಮೇಲೆ ಮೊಮ್ಮಗಳು ತಂಡವನ್ನು ಬಿಡಲಿಲ್ಲ, ಕೂಟವನ್ನೂ ಬಿಡಲಿಲ್ಲ. ಅವರ ಹೆಸರಿನ ಸ್ಮರಣೆ ಅಂದರೆ ಇದೇ: ಮೇಕೆ, ಧೂಳು, ಡ್ರಮ್ಮು, ಕುಣಿತ.

ಇದನ್ನು ಇನ್ನೊಂದು ಬಗೆಯ ಸ್ಮರಣೆಯ ಜೊತೆಗಿಟ್ಟು ನೋಡಿ. ಅದೇ ಕೋಮೋ ಕಡೆಯವರು ಬ್ಲೂಸ್ ಗಾಯಕ ಫ್ರೆಡ್ ಮೆಕ್‌ಡೊವೆಲ್. 1959ರಲ್ಲಿ ಸಂಗ್ರಹಕಾರ ಅಲನ್ ಲೋಮ್ಯಾಕ್ಸ್ ಧ್ವನಿಮುದ್ರಣ ಮಾಡಿಕೊಂಡ ಮೇಲೆ ಲೋಕಕ್ಕೆಲ್ಲ ಪರಿಚಯವಾದವರು. 1972ರಲ್ಲಿ ಸತ್ತಾಗ ಅವರ ಸಮಾಧಿಗೆ ಇಟ್ಟ ಕಲ್ಲಿನಲ್ಲಿ ಹೆಸರಿನ ಕಾಗುಣಿತವೇ ತಪ್ಪಾಗಿತ್ತು. ಸರಿಯಾದ ಕಲ್ಲು ಬಂದದ್ದು 1993ರಲ್ಲಿ, ಬಾನಿ ರೇಟ್ ಎಂಬ ಬಿಳಿಯ ಗಾಯಕಿಯ ದುಡ್ಡಿನಿಂದ. ಬ್ಲೂಸಿನ ಮಹಾರಾಣಿ ಎನಿಸಿದ್ದ ಬೆಸ್ಸಿ ಸ್ಮಿತ್ 1937ರಲ್ಲಿ ಸತ್ತರೆ, ಆಕೆಯ ಸಮಾಧಿಗೆ ಕಲ್ಲು ಬಿದ್ದದ್ದು 1970ರಲ್ಲಿ. ಈ ಕಲ್ಲುಗಳನ್ನು ನಾನು ಹೀಯಾಳಿಸುತ್ತಿಲ್ಲ. ಹೆಸರು ಅಳಿಸಿಹೋದ ಜನಕ್ಕೆ ಕಲ್ಲಿನ ಮೇಲಿನ ಹೆಸರು ಸಣ್ಣ ಮಾತಲ್ಲ. ಆದರೆ ಕಲ್ಲು ಯಾರೋ ಕೊಟ್ಟಾಗ ಬರುತ್ತದೆ, ತಡವಾಗಿ ಬರುತ್ತದೆ. ಟರ್ನರ್ ಮನೆಯವರು ಅದಕ್ಕಾಗಿ ಕಾಯಬೇಕಾಗಲಿಲ್ಲ; ಸತ್ತವರನ್ನು ನೆನೆಯುವ ಸಾಧನ ಅವರ ಕೈಯಲ್ಲೇ ಇತ್ತು.

ಹಾಗಂತ ಎಲ್ಲವೂ ಸೊಗಸಾಗಿತ್ತು ಅಂದುಕೊಳ್ಳುವುದೂ ಬೇಡ. ಟರ್ನರ್‌ಗೆ 1992ರಲ್ಲಿ ರಾಷ್ಟ್ರೀಯ ಪರಂಪರೆಯ ಗೌರವ ಸಿಕ್ಕಿತು. ಆದರೆ ಅವರ ಹೆಸರಿನ ಮೊದಲ ಆಲ್ಬಮ್ ಬಂದದ್ದು 1998ರಲ್ಲಿ, ಅವರು ತೊಂಬತ್ತರ ಸುಮಾರಿನಲ್ಲಿದ್ದಾಗ. 2002ರ ‘ಗ್ಯಾಂಗ್ಸ್ ಆಫ್ ನ್ಯೂಯಾರ್ಕ್’ ಸಿನಿಮಾದಲ್ಲಿ ಅವರ ಕೊಳಲು, ಡ್ರಮ್ಮು ಕೇಳಿಸುತ್ತವೆ. ತೆರೆಯ ಮೇಲೆ ಆ ಲಯಕ್ಕೆ ಹೆಜ್ಜೆ ಹಾಕುವವರು ಹತ್ತೊಂಬತ್ತನೇ ಶತಮಾನದ ನ್ಯೂಯಾರ್ಕಿನ ಐರಿಷ್ ಪುಂಡರ ಗುಂಪಿನವರು. ಸದ್ದು ಬೇಕು, ಸದ್ದು ಮಾಡಿದವನ ಊರು, ಹೊಲ, ಚರಿತ್ರೆ ಬೇಡ. ಸಂಸ್ಕೃತಿಯ ಮಾರುಕಟ್ಟೆ ಎಲ್ಲ ಕಡೆಯೂ ಹೀಗೇ ತಾನೆ?

ಈಗ ನಮ್ಮ ತಮಟೆಗೆ ಬರೋಣ. ಕಪ್ಪು ಜನರಿಗೂ ದಲಿತರಿಗೂ ಹೋಲಿಕೆ ಹಳೆಯದು. 1946ರಲ್ಲಿ ಬಾಬಾಸಾಹೇಬರು ಡುಬಾಯ್ಸ್ ಅವರಿಗೆ ಪತ್ರ ಬರೆದಿದ್ದರು. 1972ರ ದಲಿತ ಪ್ಯಾಂಥರ್ಸ್ ತಮ್ಮ ಹೆಸರನ್ನೇ ಅಲ್ಲಿಂದ ತಂದುಕೊಂಡರು. ಆದರೆ ಹೋಲಿಕೆಯ ಹುಮ್ಮಸ್ಸಿನಲ್ಲಿ ವ್ಯತ್ಯಾಸ ಮರೆಯಬಾರದು. ಅಲ್ಲಿ ಒಡೆಯ ‘ಡೋಲು ಮುಟ್ಟಬೇಡ’ ಅಂದ. ಇಲ್ಲಿ ಊರು ‘ತಮಟೆ ಬಿಡಬೇಡ’ ಅಂದಿತು. ಅಲ್ಲಿ ವಾದ್ಯಕ್ಕೆ ನಿಷೇಧ, ಇಲ್ಲಿ ವಾದ್ಯವೇ ಬಿಟ್ಟಿ ಚಾಕರಿ. ಊರ ಹಬ್ಬಕ್ಕೆ, ಡಂಗುರಕ್ಕೆ, ಮೇಲ್ಜಾತಿಯವರ ಹೆಣದ ಮುಂದೆ ಬಾರಿಸು. ದೇವರು ಗುಡಿಯೊಳಗೆ ಹೋದಾಗ ನೀನು ಹೊರಗೇ ನಿಲ್ಲು. ತಮಟೆ ದೇವರನ್ನು ಕುಣಿಸಬಹುದು, ತಮಟೆ ಹಿಡಿದವನು ದೇವರ ಹತ್ತಿರ ಹೋಗುವಂತಿಲ್ಲ! 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ತೋಟಿ, ತಳವಾರರ ವಂಶಪಾರಂಪರ್ಯ ಚಾಕರಿಯನ್ನು ಕಾಗದದ ಮೇಲೆ ತೆಗೆದುಹಾಕಿತು. ಆದರೂ ‘ಇನ್ನು ಬಾರಿಸಲ್ಲ’ ಅಂದ ಕೇರಿಗಳಿಗೆ ಅಂಗಡಿ, ನೀರು, ಕೂಲಿ ಬಂದ್ ಮಾಡಿದ ಸುದ್ದಿಗಳು ಆಮೇಲೂ ಬರುತ್ತಲೇ ಹೋದವು.

ಇದರಿಂದ ನಮ್ಮಲ್ಲಿ ಎರಡು ನಿಲುವುಗಳು ಹುಟ್ಟಿದವು. ತಮಟೆ ಅಪಮಾನದ ಗುರುತು, ಅದನ್ನು ಬಿಸಾಕಿ ಪುಸ್ತಕ ಹಿಡಿಯಬೇಕು ಅನ್ನುವುದು ಒಂದು. 1927ರ ಮಹಾಡ್‌ನಲ್ಲಿ, 1928ರ ಮಹಾರ್ ವತನ್ ಮಸೂದೆಯಲ್ಲಿ ಅಂಬೇಡ್ಕರ್ ಎತ್ತಿದ ಪ್ರಶ್ನೆಯ ಜಾಡು ಇದು. ತಮಟೆ ನಮ್ಮ ಕಲೆ, ನಮ್ಮ ಬಲ. ಅದನ್ನು ಹೋರಾಟದ ಮುಂದೆ ಇಟ್ಟು ಬಾರಿಸಬೇಕು ಅನ್ನುವುದು ಇನ್ನೊಂದು. ದಲಿತ ಸಂಘರ್ಷ ಸಮಿತಿಯ ಜಾಥಾಗಳು ಇದನ್ನು ಮಾಡಿ ತೋರಿಸಿದವು. ಇವೆರಡನ್ನೂ ಎದುರುಬದುರು ನಿಲ್ಲಿಸಿ ಜಗಳವಾಡುವುದು ನನ್ನ ಮಟ್ಟಿಗೆ ಸರಿಯಲ್ಲ. ಎರಡೂ ಒಂದೇ ಗಾಯದಿಂದ ಹುಟ್ಟಿದವು.

ಕೋಮೋದ ಮೆರವಣಿಗೆ ನಮಗೆ ಉಪಯೋಗಕ್ಕೆ ಬರುವುದು ಇಲ್ಲಿ. ವಾದ್ಯದ ಬಗ್ಗೆ ವಿಮರ್ಶೆ ಕೇಳಬೇಕಾದ ಮೊದಲ ಪ್ರಶ್ನೆ ‘ಎಷ್ಟು ಚೆನ್ನಾಗಿದೆ’ ಅಂತ ಅಲ್ಲ. ಬಾರಿಸು ಅಂದವರು ಯಾರು? ಯಾರ ಸಾವಿಗೆ, ಯಾರ ಸಂತೋಷಕ್ಕೆ? ಕೈ ಸೋತಾಗ ‘ಸಾಕು’ ಅನ್ನುವ ಹಕ್ಕು ಯಾರದು? ಹೆಸರು, ಹಣ ಯಾರಿಗೆ ಸೇರುತ್ತದೆ? ಈ ಪ್ರಶ್ನೆಗಳನ್ನು ಇಟ್ಟುಕೊಂಡರೆ ಒಂದೇ ತಮಟೆ ಒಡೆಯನ ಹೆಣದ ಮುಂದೆ ಒಂದು ಅರ್ಥ, ಕೇರಿಯ ಹಿರಿಯನ ಹೆಣದ ಮುಂದೆ ಇನ್ನೊಂದು ಅರ್ಥ ಕೊಡುವುದು ಕಾಣುತ್ತದೆ. ಚರ್ಮ ಅದೇ, ಬೆಂಕಿಗೆ ಹಿಡಿದು ಕಾಯಿಸುವ ರೀತಿ ಅದೇ, ಪೆಟ್ಟೂ ಅದೇ. ಅಪ್ಪಣೆ ಮಾತ್ರ ಬೇರೆ.

ನಮ್ಮ ಜಾನಪದ ವಿದ್ವಾಂಸರು ಈ ಪ್ರಶ್ನೆಗಳನ್ನು ಕೇಳದೆ ತಮಟೆಯನ್ನು ‘ಗ್ರಾಮೀಣ ಸೊಗಡು’ ಅಂತ ಕರೆದು ಸುಮ್ಮನಾದರು. ಕಪ್ಪು ಲೇಖಕ ಅಮಿರಿ ಬರಾಕ 1963ರಲ್ಲೇ, ಇನ್ನೂ ಲೆರಾಯ್ ಜೋನ್ಸ್ ಎಂಬ ಹೆಸರಿನಲ್ಲಿ, ‘ಬ್ಲೂಸ್ ಪೀಪಲ್’ ಎಂಬ ಪುಸ್ತಕ ಬರೆದು, ಸಂಗೀತದ ಬದಲಾವಣೆಯಲ್ಲಿ ಒಂದು ಜನಾಂಗದ ಸಾಮಾಜಿಕ ಚರಿತ್ರೆಯನ್ನೇ ಓದಿದರು. ತಮಟೆಯ ವಿಷಯದಲ್ಲಿ ಆ ಕೆಲಸ ನಮ್ಮ ವಿದ್ಯಾರ್ಥಿಗಳ ಮುಂದೆ ಇದೆ. 2023ರಲ್ಲಿ ತಮಟೆ ವಾದಕ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂತು. ಖುಷಿಯ ವಿಷಯವೇ. ಆದರೆ ದಿಲ್ಲಿಯಲ್ಲಿ ತಮಟೆಗೆ ಸಿಕ್ಕ ಮರ್ಯಾದೆ ಹಳ್ಳಿಯ ಗುಡಿಯ ಮೆಟ್ಟಿಲಿನ ಮೇಲೂ ಸಿಗುತ್ತದೆಯೆ ಅಂತ ಕೇಳುವುದು ವಿಮರ್ಶೆಯ ಕೆಲಸ. ಪ್ರಶಸ್ತಿ ಬಂತಲ್ಲ, ಇನ್ನೇನು ಅಂದುಕೊಂಡರೆ ನಾವೂ ‘ಸೊಗಡು’ ಹುಡುಕುವವರ ಸಾಲಿಗೇ ಸೇರುತ್ತೇವೆ.

ಕೊನೆಗೊಂದು ಆಕ್ಷೇಪಕ್ಕೆ ಉತ್ತರ ಹೇಳಬೇಕು. ಶಾರ್ಡೇ ತಾತನ ಕೊಳಲು ಹಿಡಿದದ್ದೂ ಒಂದು ಬಗೆಯ ಕುಲಕಸುಬೇ ಅಲ್ಲವೆ ಅಂತ ಯಾರಾದರೂ ಕೇಳಬಹುದು. ಅಲ್ಲ. ಆ ಹುಡುಗಿ ಕೊಳಲು ಕೆಳಗಿಟ್ಟಿದ್ದರೆ ಯಾರೂ ಅವಳ ಮನೆಯ ನೀರು ನಿಲ್ಲಿಸುತ್ತಿರಲಿಲ್ಲ. ಬಿಡುವ ಸ್ವಾತಂತ್ರ್ಯ ಇದ್ದಾಗ ಹಿಡಿದದ್ದು ಪರಂಪರೆ. ಬಿಡಲು ಬಿಡದೆ ಹಿಡಿಸಿದ್ದು ಜಾತಿ. ಇತ್ತೀಚೆಗೆ ನಮ್ಮ ಹೆಣ್ಣುಮಕ್ಕಳೂ ತಂಡ ಕಟ್ಟಿಕೊಂಡು ತಮಟೆ ಬಾರಿಸುತ್ತಿದ್ದಾರೆ. ಅವರನ್ನು ಕರೆಸುವ ಸಂಘಟಕರು, ಗೆಳೆಯರು ಒಂದು ಮಾತು ನೆನಪಿಡಬೇಕು. ಭಾಷಣಕ್ಕೆ ಜನ ಸೇರಲಿ ಅಂತ ಮೊದಲು ತಮಟೆ ಹೊಡೆಸಿ, ಭಾಷಣ ಶುರುವಾದ ಕೂಡಲೇ ಅವರನ್ನು ವೇದಿಕೆಯ ಹಿಂದೆ ಕೂರಿಸಿದರೆ, ಅದು ಹಳೆಯ ಊರಿನ ಅಪ್ಪಣೆಯೇ. ಹೇಳುವ ಬಾಯಿ ಮಾತ್ರ ನಮ್ಮದು. ಮೊದಲು ಅವರನ್ನು ಕೇಳಿ: ಎಲ್ಲಿ ಬಾರಿಸಬೇಕು, ಎಷ್ಟು ಹೊತ್ತು, ಯಾರ ನೆನಪಿಗೆ. ಅವರು ಒಲ್ಲೆ ಅಂದರೆ ಅದನ್ನೂ ಕೇಳಿಸಿಕೊಳ್ಳಿ.