ನಾಲ್ಕಾಣೆಯ ಸದಸ್ಯ, ಲಕ್ಷಾಧೀಶ ದಾನಿ

ರಾಜಕೀಯ ಪಕ್ಷವೊಂದು ಬೆಳೆಯಬೇಕಾದರೆ ಮೂರು ಬಗೆಯ ಜನ ಬೇಕು: ಹಣ ಕೊಡುವವರು, ಹಳ್ಳಿ ಹಳ್ಳಿ ಸುತ್ತಿ ದುಡಿಯುವವರು ಮತ್ತು ರಾಜಿಗೆ ಒಪ್ಪದೆ ಘೋಷಣೆಗೆ ಕಾವು ತುಂಬುವ ತೀವ್ರಗಾಮಿಗಳು. ಈ ಮೂವರ ಹಿತ ಒಂದೇ ಅಲ್ಲ. ಆದರೂ ಅವರು ಒಂದೇ ಸೂರಿನಡಿ ಉಳಿಯುವುದು ಹೇಗೆ? 1930ರ ದಶಕದ ಕಾಂಗ್ರೆಸ್ಸಿನ ಚರಿತ್ರೆ ಇದಕ್ಕೆ ಉತ್ತರ ಹೇಳುತ್ತದೆ.

1920ರ ನಾಗಪುರ ಅಧಿವೇಶನದ ನಂತರ ವರ್ಷಕ್ಕೆ ನಾಲ್ಕಾಣೆ ಕೊಟ್ಟವರೆಲ್ಲ ಕಾಂಗ್ರೆಸ್ ಸದಸ್ಯರಾಗುವಂತಾಯಿತು. ಭಾಷಾವಾರು ಪ್ರಾಂತ ಸಮಿತಿಗಳು ರಚನೆಯಾದವು. ಕರ್ನಾಟಕಕ್ಕೆ ತನ್ನದೇ ಪ್ರದೇಶ ಕಾಂಗ್ರೆಸ್ ಸಮಿತಿ ದೊರೆತದ್ದೂ ಆಗಲೇ. ವಕೀಲರ ಸಭೆಯಂತಿದ್ದ ಪಕ್ಷ ರೈತರನ್ನು ಮುಟ್ಟಿತು. ಆದರೆ ನಾಲ್ಕಾಣೆಯಿಂದಲೇ ಚಳವಳಿ ನಡೆಯದು. 1921ರಲ್ಲಿ ತಿಲಕ್ ಸ್ವರಾಜ್ಯ ನಿಧಿಗೆ ಒಂದು ಕೋಟಿ ರೂಪಾಯಿ ಕೂಡಿಸಲು ಹೊರಟಾಗ ಮುಂಬಯಿ ದೊಡ್ಡ ಪಾಲು ನೀಡಿತು.

1934ರಲ್ಲಿ ಪಕ್ಷದೊಳಗೇ ಕಾಂಗ್ರೆಸ್ ಸೋಷಲಿಸ್ಟ್ ಪಕ್ಷ ಹುಟ್ಟಿತು. ಜಯಪ್ರಕಾಶ ನಾರಾಯಣ, ಆಚಾರ್ಯ ನರೇಂದ್ರ ದೇವ ಮತ್ತು ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ ಅದರ ಮುಂದಾಳುಗಳಲ್ಲಿದ್ದರು. 1936ರ ಏಪ್ರಿಲ್‌ನಲ್ಲಿ ಲಖನೌ ಅಧಿವೇಶನದ ಅಧ್ಯಕ್ಷರಾಗಿದ್ದ ಜವಾಹರಲಾಲ್ ನೆಹರೂ, ದೇಶದ ಬಡತನಕ್ಕೆ ಸಮಾಜವಾದವೊಂದೇ ಮದ್ದು ಎಂದು ಸಾರಿದರು. ಇದರಿಂದ ಕಳವಳಗೊಂಡ ಮುಂಬಯಿಯ 21 ಮಂದಿ ಉದ್ಯಮಿಗಳು ಮೇ ತಿಂಗಳಲ್ಲಿ ನೆಹರೂ ವಿರುದ್ಧ ಬಹಿರಂಗ ಹೇಳಿಕೆ ಹೊರಡಿಸಿದರು. ಬೆಂಗಳೂರಿನಲ್ಲಿ ಮುಂದೆ ವಿಮಾನ ಕಾರ್ಖಾನೆ ಆರಂಭಿಸಿದ ವಾಲ್‌ಚಂದ್ ಹೀರಾಚಂದ್ ಅವರಲ್ಲೊಬ್ಬರು.

ಆದರೆ ಉದ್ಯಮಿ ಜಿ.ಡಿ. ಬಿರ್ಲಾ ಇದನ್ನು ಮೆಚ್ಚಲಿಲ್ಲ. ಆಸ್ತಿ ಉಳ್ಳವರೇ ಆಸ್ತಿಯ ಪರ ವಾದಿಸಿದರೆ ಜನ ನಂಬುವುದಿಲ್ಲ, ಆ ಮಾತನ್ನು ಆಸ್ತಿ ತ್ಯಜಿಸಿದವರು ಆಡಬೇಕು ಎಂಬುದು ಅವರ ಲೆಕ್ಕ. ನೆಹರೂ ಮಾತಿಗಿಂತ ಪಕ್ಷದ ಸಮಿತಿಯಲ್ಲಿ ಯಾರಿದ್ದಾರೆ ಎಂಬುದನ್ನು ಅವರು ಗಮನಿಸಿದ್ದರು. ಕಾರ್ಯಕಾರಿ ಸಮಿತಿಗೆ ಮೂವರು ಸಮಾಜವಾದಿಗಳು ಬಂದಿದ್ದರೂ ಬಹುಮತ ಪಟೇಲ್, ರಾಜೇಂದ್ರ ಪ್ರಸಾದ್, ರಾಜಾಜಿ ಅವರ ಕಡೆಗಿತ್ತು. ಜೂನ್ ಕೊನೆಯಲ್ಲಿ ಈ ಗುಂಪಿನ ಏಳು ಮಂದಿ ರಾಜೀನಾಮೆ ಕೊಟ್ಟರು. ಗಾಂಧೀಜಿ ಮಧ್ಯೆ ಬಂದು ಅದನ್ನು ಹಿಂದಕ್ಕೆ ಪಡೆಯುವಂತೆ ಮಾಡಿದರು.

ಸಮತೋಲನದ ಗುಟ್ಟು ಇಲ್ಲಿದೆ. ಎಡಪಂಥದವರಿಗೆ ವೇದಿಕೆ ಸಿಕ್ಕಿತು. ಸಂಘಟನೆಯ ಹಿಡಿತ ಬಲಪಂಥದ ಕೈಯಲ್ಲೇ ಉಳಿಯಿತು. ಉದ್ಯಮಿಗಳಿಗೆ ಅಭಯ ಸಿಕ್ಕಿತು. ರೈತನಿಗೆ ಸಿಕ್ಕಿದ್ದು ಭರವಸೆ: 1936ರ ಡಿಸೆಂಬರ್‌ನಲ್ಲಿ ಮೊದಲ ಬಾರಿಗೆ ಹಳ್ಳಿಯೊಂದರಲ್ಲಿ, ಫೈಜಪುರದಲ್ಲಿ ಸೇರಿದ ಅಧಿವೇಶನ, ಗೇಣಿ ಮತ್ತು ಸಾಲದ ಹೊರೆ ಇಳಿಸುವ ಕಾರ್ಯಕ್ರಮ ಮುಂದಿಟ್ಟಿತು.

ಪಕ್ಷ ಅಧಿಕಾರದಿಂದ ದೂರ ಇರುವವರೆಗೆ ಎಲ್ಲರಿಗೂ ಭರವಸೆ ಕೊಡಬಹುದು. ಕಾನೂನು ಬರೆಯಲು ಕುಳಿತಾಗ ಮಾತ್ರ ಒಬ್ಬರ ಕಡೆ ವಾಲಲೇಬೇಕು. 1937ರಲ್ಲಿ ಪ್ರಾಂತಗಳಲ್ಲಿ ಕಾಂಗ್ರೆಸ್ ಸರಕಾರಗಳು ಬಂದವು. ಹಲವೆಡೆ ಗೇಣಿದಾರರಿಗೆ ಒಂದಷ್ಟು ರಕ್ಷಣೆಯೂ ದೊರೆಯಿತು. ಆದರೆ ಬಿಹಾರದಲ್ಲಿ ಪಕ್ಷ ಜಮೀನ್ದಾರರೊಂದಿಗೆ ರಾಜಿಗೆ ಹೋಯಿತು; ಸ್ವಾಮಿ ಸಹಜಾನಂದರ ಕಿಸಾನ್ ಸಭಾ ಮುನಿಯಿತು. ಮುಂಬಯಿ ಪ್ರಾಂತದಲ್ಲಿ ಮುಷ್ಕರಕ್ಕೆ ಕಡಿವಾಣ ಹಾಕುವ ಮಸೂದೆ ಬಂತು. ಅದನ್ನು ವಿರೋಧಿಸಿ 1938ರ ನವೆಂಬರ್ 7ರಂದು ಡಾ. ಅಂಬೇಡ್ಕರರ ಸ್ವತಂತ್ರ ಕಾರ್ಮಿಕ ಪಕ್ಷ ಮತ್ತು ಕಮ್ಯುನಿಸ್ಟರು ಜತೆಗೂಡಿ ಮುಷ್ಕರ ನಡೆಸಿದರು. ಮಸೂದೆ ಕಾಯಿದೆಯಾಯಿತು.

1939ರ ಜನವರಿಯಲ್ಲಿ ಅಧ್ಯಕ್ಷ ಪದವಿಯ ಚುನಾವಣೆಯಲ್ಲಿ ಸುಭಾಷ್‌ಚಂದ್ರ ಬೋಸರು 1580 ಮತ ಪಡೆದು, 1377 ಮತ ಗಳಿಸಿದ ಪಟ್ಟಾಭಿ ಸೀತಾರಾಮಯ್ಯನವರನ್ನು ಸೋಲಿಸಿದರು. ಮತ ಗೆದ್ದರೂ ಸಂಘಟನೆ ಅವರ ಕೈಗೆ ಬರಲಿಲ್ಲ. ಗಾಂಧೀಜಿಯ ಇಚ್ಛೆಯಂತೆಯೇ ಕಾರ್ಯಕಾರಿ ಸಮಿತಿ ನೇಮಿಸಬೇಕೆಂದು ತ್ರಿಪುರಿ ಅಧಿವೇಶನ ಕಟ್ಟು ಹಾಕಿತು. ಏಪ್ರಿಲ್‌ನಲ್ಲಿ ಬೋಸ್ ರಾಜೀನಾಮೆ ಕೊಟ್ಟರು. ಸಮಾಜವಾದಿಗಳೂ 1948ರಲ್ಲಿ ಪಕ್ಷ ತೊರೆದರು.

ಆ ಸಮತೋಲನದಿಂದ ಸ್ವಾತಂತ್ರ್ಯ ಹೋರಾಟಕ್ಕೆ ಒಗ್ಗಟ್ಟು ದಕ್ಕಿತೆಂಬುದು ನಿಜ. ಅದರ ಬೆಲೆಯನ್ನು ಹೆಚ್ಚಾಗಿ ತೆತ್ತವನು ಮಾತ್ರ ಕಾಯುವುದಲ್ಲದೆ ಬೇರೆ ದಾರಿಯಿಲ್ಲದ ನಾಲ್ಕಾಣೆಯ ಸದಸ್ಯ. ಯಾವ ಪಕ್ಷವನ್ನೇ ಅಳೆಯುವಾಗಲೂ ಅದರ ಭಾಷಣ ಯಾರದೆಂದು ಕೇಳಿದರೆ ಸಾಲದು. ಸಮಿತಿ ಯಾರದು, ಖಜಾನೆ ಯಾರದು ಎಂದೂ ಕೇಳಬೇಕು.