ಸೈಕಲ್ ಬಿಡಿಸಬೇಡಿ, ಚಪ್ಪಲಿ ಬಿಡಿಸಿ!

ಮಳೆಗಾಲದ ಒಂದು ಭಾನುವಾರ. ಬುತ್ತಿ ಕಟ್ಟಿಕೊಂಡು ಮನೆಮಂದಿಯೆಲ್ಲ ಗೋಕಾಕ ಫಾಲ್ಸ್‌ಗೆ ಹೊರಟಿದ್ದೀರಿ ಎಂದುಕೊಳ್ಳಿ. ಹೈಸ್ಕೂಲು ಓದುವ ಮಗಳಿಗೆ ಹೊಸ ಗೇರ್ ಸೈಕಲ್ಲಿನ ಹುರುಪು. ಗುಡ್ಡದ ಕಚ್ಚಾ ದಾರಿಯಲ್ಲಿ ಅಣ್ಣನ ಜೊತೆ ಮುಂದೆ ಹೋಗಿದ್ದಾಳೆ. ಕಾಲಲ್ಲಿ ಮಾತ್ರ ಅದೇ ಹಳೆಯ ರಬ್ಬರ್ ಚಪ್ಪಲಿ! ಇಳಿಜಾರಿನಲ್ಲಿ ಚಕ್ರ ಕಲ್ಲಿನ ಮೇಲೆ ಹಾರಿತು, ಪಾದ ಜಾರಿತು, ಪೆಡಲ್ ಗರಕ್ಕನೆ ತಿರುಗಿ ಮೊಣಕಾಲ ಕೆಳಗಿನ ಎಲುಬಿಗೆ ಬಡಿಯಿತು. ಮೂರು ಹೊಲಿಗೆ.

ಅಣ್ಣ ಬಿದ್ದಿದ್ದರೆ ‘ಗಂಡು ಹುಡುಗ, ಬಿದ್ದೇ ಕಲೀತಾನ’ ಅನ್ನುತ್ತಿದ್ದೆವು. ಬಿದ್ದವಳು ಮಗಳು ನೋಡಿ, ‘ಸಾಕವ್ವಾ ನಿನ್ನ ಸೈಕಲ್ಲು, ಮನ್ಯಾಗ ಕುಂಡ್ರು’ ಎಂದು ಬಿಡುತ್ತೇವೆ. ಸೈಕಲ್ಲು ಅಟ್ಟ ಸೇರುತ್ತದೆ. ತಪ್ಪು ಸೈಕಲ್ಲಿನದೂ ಅಲ್ಲ, ಮಗಳದೂ ಅಲ್ಲ. ಬದಲಾಯಿಸಬೇಕಾದದ್ದು ಚಪ್ಪಲಿ ಮತ್ತು ಪೆಡಲ್ ಅಷ್ಟೇ.

ಶೂ ಹೇಗಿರಬೇಕು?

ಡಾಂಬರು ರಸ್ತೆಯಲ್ಲಿ ಚಪ್ಪಲಿ ಹೇಗೋ ನಡೆದೀತು. ಆದರೆ ಗುಡ್ಡದ ದಾರಿಯಲ್ಲಿ ಸವಾರರು ಸೀಟಿನಿಂದ ಎದ್ದು ಪೆಡಲ್ ಮೇಲೆ ನಿಂತೇ ಇಳಿಯಬೇಕಾಗುತ್ತದೆ. ಮೈಭಾರವೆಲ್ಲ ಎರಡು ಪಾದಗಳ ಮೇಲೆ! ಅಲ್ಲಿ ಹಿಡಿತ ತಪ್ಪಿದರೆ ಎಷ್ಟು ಗೇರ್ ಇದ್ದರೂ ಉಪಯೋಗವಿಲ್ಲ.

* ಅಡಿಭಾಗ ಚಪ್ಪಟೆಯಾಗಿರಲಿ. ಓಡುವ ಶೂಗಳ ದಪ್ಪ ಮೆತ್ತನೆಯ ಅಡಿ ಒಳಕ್ಕೆ ಕುಸಿದು ಪಾದ ಬೇಗ ದಣಿಯುತ್ತದೆ. ಆಳವಾದ ಗೆರೆಗಳಿದ್ದರೆ ಪೆಡಲ್ ಮೇಲೆ ಸರಿಯಾಗಿ ಕೂರುವುದೂ ಇಲ್ಲ.

* ಶೂ ಕೈಯಲ್ಲಿ ಹಿಡಿದು ಬಗ್ಗಿಸಿ ನೋಡಿ. ಬೆರಳಿನ ಕಡೆ ಸ್ವಲ್ಪ ಬಾಗಬೇಕು, ನಡುವೆ ಮಡಚಬಾರದು.

* ಅಡಿಯ ರಬ್ಬರ್ ಮೆದುವಾಗಿರಲಿ. ಪ್ಲಾಸ್ಟಿಕ್ಕಿನಂತೆ ಗಟ್ಟಿಯಾಗಿದ್ದರೆ ಒದ್ದೆಯಾದಾಗ ಜಾರುತ್ತದೆ.

* ಬೆರಳಿನ ಮುಂಭಾಗ ಗಟ್ಟಿಯಾಗಿದ್ದರೆ ಕಲ್ಲು ತಾಗಿದರೂ ಉಗುರು ಉಳಿಯುತ್ತದೆ.

ಮೌಂಟನ್ ಬೈಕಿಗೆಂದೇ ಮಾಡಿದ ಶೂ ದುಬಾರಿ ಅನ್ನಿಸಿತೇ? ಚಪ್ಪಟೆ ರಬ್ಬರ್ ಅಡಿಯ, ಲೇಸ್ ಕಟ್ಟುವ ಗಟ್ಟಿ ಕ್ಯಾನ್ವಾಸ್ ಶೂ ಇಂದ ಶುರು ಮಾಡಬಹುದು. ಪಾದ ಸಂಜೆಗೆ ಸ್ವಲ್ಪ ಊದಿಕೊಳ್ಳುವುದರಿಂದ ಖರೀದಿಗೆ ಸಂಜೆಯೇ ಹೋಗಿ, ಕಾಲುಚೀಲ ಹಾಕಿಕೊಂಡೇ ಅಳತೆ ನೋಡಿ. ‘ಮುಂದಿನ ವರ್ಷಕ್ಕೂ ಆಗಲಿ’ ಎಂದು ದೊಡ್ಡ ಅಳತೆ ಮಾತ್ರ ತರಬೇಡಿ. ಒಳಗೆ ಪಾದ ಓಡಾಡಿದರೆ ಮತ್ತೆ ಜಾರುವ ಭಯ!

ಪೆಡಲ್ ಆರಿಸುವಾಗ

ಶೂವನ್ನು ಪೆಡಲಿಗೆ ಕಚ್ಚಿಸಿ ಲಾಕ್ ಮಾಡುವ ಬಗೆಯೂ ಉಂಟು. ಬಿಡಿಸಿಕೊಳ್ಳಲು ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಬೇಕು. ಹೊಸಬರು ಗಾಬರಿಯಲ್ಲಿ ಮರೆತರೆ ನಿಂತಲ್ಲೇ ಪಕ್ಕಕ್ಕೆ ಉರುಳುತ್ತಾರೆ. ಬೇಕೆಂದಾಗ ಕಾಲು ನೆಲಕ್ಕೂರಲು ಚಪ್ಪಟೆ ಪೆಡಲೇ ಅನುಕೂಲ. ಇದು ಕಲಿಯುವವರದ್ದು ಮಾತ್ರ ಎಂಬ ಕೀಳರಿಮೆ ಬೇಡ. ಆಸ್ಟ್ರೇಲಿಯಾದ ಸ್ಯಾಮ್ ಹಿಲ್ 2006, 2007 ಮತ್ತು 2010ರಲ್ಲಿ ಬೆಟ್ಟ ಇಳಿಯುವ ಸ್ಪರ್ಧೆಯ ವಿಶ್ವ ಚಾಂಪಿಯನ್ ಆದದ್ದು ಚಪ್ಪಟೆ ಪೆಡಲ್ ಮೇಲೆಯೇ!

ಪೆಡಲ್ ಶೂವಿನಷ್ಟೇ ಅಗಲವಿರಲಿ. ಮೇಲೆ ಸಣ್ಣ ಮೊಳೆಗಳಂಥ ಪಿನ್ನುಗಳಿರಬೇಕು. ಶೂ ಅಡಿಯನ್ನು ಹಿಡಿದುಕೊಳ್ಳುವುದು ಇವೇ. ಅಲ್ಯೂಮಿನಿಯಂ ಪೆಡಲ್ ಮೇಲಿನ ಲೋಹದ ಪಿನ್ನುಗಳ ಹಿಡಿತ ಚೆನ್ನ, ಆದರೆ ಕಾಲಿಗೆ ತಾಗಿದರೆ ಚರ್ಮ ಕಿತ್ತೀತು. ಮೊದಮೊದಲು ನೈಲಾನ್ ಪೆಡಲ್ ಸಾಕು. ಬೆಲೆಯೂ ಕಡಿಮೆ. ಜೊತೆಗೆ ಮೊಣಕಾಲ ಕೆಳಗಿನ ಭಾಗಕ್ಕೆ ಗಾರ್ಡ್ ತೊಡಿಸಿ.

ಮೌಂಟನ್ ಬೈಕುಗಳಿಗೆ ಸಾಮಾನ್ಯವಾಗಿ 9/16 ಇಂಚಿನ ಪೆಡಲ್ ಕೂರುತ್ತದೆ. ಕೆಲವು ಮಕ್ಕಳ ಸೈಕಲ್ಲಿಗೆ 1/2 ಇಂಚಿನದು. ಅಂಗಡಿಗೆ ಹಳೆಯ ಪೆಡಲನ್ನೇ ಒಯ್ದರೆ ಗೊಂದಲವಿಲ್ಲ. ನೆನಪಿಡಿ, ಎಡ ಪೆಡಲಿನ ತಿರುಪು ಉಲ್ಟಾ! ಪೆಡಲ್ ಮೇಲೆ ಎಲ್, ಆರ್ ಗುರುತು ಇರುತ್ತದೆ. ಎರಡನ್ನೂ ಬಿಗಿ ಮಾಡುವಾಗ ಪಾನಾದ ಹಿಡಿಕೆ ಮೇಲ್ಮುಖವಾಗಿದ್ದರೆ ಮುಂಚಕ್ರದ ಕಡೆಗೆ, ಬಿಚ್ಚುವಾಗ ಹಿಂಚಕ್ರದ ಕಡೆಗೆ ತಿರುಗಿಸಬೇಕು. ತಿರುಪಿಗೆ ಚೂರು ಗ್ರೀಸ್ ಹಚ್ಚಿದರೆ ಮುಂದೆ ತುಕ್ಕು ಹಿಡಿದು ಸತಾಯಿಸುವುದಿಲ್ಲ.

ಇವನ್ನೂ ಮರೆಯಬೇಡಿ

* ಇಳಿಜಾರಿನಲ್ಲಿ ಎರಡೂ ಪೆಡಲ್ ಒಂದೇ ಮಟ್ಟದಲ್ಲಿರಲಿ. ಒಂದು ಕೆಳಗಿದ್ದರೆ ಕಲ್ಲಿಗೆ ಬಡಿಯುತ್ತದೆ. ಹಿಮ್ಮಡಿ ತುಸು ಕೆಳಕ್ಕಿರಲಿ.

* ಲೇಸಿನ ತುದಿ ಒಳಗೆ ಸಿಕ್ಕಿಸಿ. ಬಲಗಡೆ ಚೈನ್ ಇರುತ್ತದೆ! ಪೈಜಾಮ ಕಾಲಿಗೆ ಒಂದು ರಬ್ಬರ್ ಬ್ಯಾಂಡ್ ಹಾಕಿ, ದುಪಟ್ಟಾ ಮನೆಯಲ್ಲೇ ಇರಲಿ.

* ಎರೆಮಣ್ಣು ಶೂವಿಗೆ ಮೆತ್ತಿಕೊಂಡರೆ ಪಿನ್ನುಗಳೂ ಹಿಡಿಯುವುದಿಲ್ಲ. ಕಲ್ಲಿಗೆ ಉಜ್ಜಿ ಕೆರೆದು ಹತ್ತಲು ಹೇಳಿ.

* ತಲೆಗೆ ಹೆಲ್ಮೆಟ್ ಕಡ್ಡಾಯ.

ಇನ್ನೊಂದು ಮಾತು. ಘಟಪ್ರಭೆ ಸುಮಾರು 52 ಮೀಟರ್ ಎತ್ತರದಿಂದ ಧುಮುಕುವ ಜಾಗದಲ್ಲಿ ಬಂಡೆಗಳು ಒದ್ದೆ, ಮೇಲೆ ಪಾಚಿ. ಎಂಥ ಶೂ ಇದ್ದರೂ ಅಲ್ಲಿಗೆ ಸೈಕಲ್ ಬೇಡ. ಅಂಚಿನಿಂದ ದೂರ ನಿಂತೇ ನೋಡಲಿ.

ಮಗಳ ಗಾಯ ಮಾಯುವಷ್ಟರಲ್ಲಿ ಅಟ್ಟದ ಸೈಕಲ್ಲು ಕೆಳಗಿಳಿಯಲಿ. ಶೂ ಅಂಗಡಿಗೆ ನೀವೂ ಜೊತೆಗೆ ಹೋಗಿ. ಹೋದಾಗ ನಿಮ್ಮ ಕಾಲಿನ ಅಳತೆಯನ್ನೂ ಒಮ್ಮೆ ಕೊಟ್ಟು ನೋಡಿ. ಮದುವೆಗೆ ಮುಂಚೆ ಲೇಡೀಸ್ ಸೈಕಲ್ ತುಳಿದ ಕಾಲುಗಳಲ್ಲವೇ ಅವು?